ರಕ್ತ ಜಾಸ್ತಿ, ಭಯ ಕಮ್ಮಿ

ಪ್ರಶ್ನೆ: ‘ಸಾ’ (Saw) ಅನ್ನೋ ಹಾಲಿವುಡ್ ಹಾರರ್ ಸಿನಿಮಾ ಸರಣಿಯನ್ನು ಒಂದೊಂದಾಗಿ ನೋಡುತ್ತಾ ಬಂದೆ. 2010ರ ಏಳನೆಯದಕ್ಕೆ ಬರುವಷ್ಟರಲ್ಲಿ ಆಕಳಿಕೆ. ರಕ್ತ ನೋಡಿ ನೋಡಿ ನನ್ನ ಮನಸ್ಸೇ ಮರಗಟ್ಟಿದೆಯೋ, ಸಿನಿಮಾನೇ ಸಪ್ಪೆಯೋ?

ಉತ್ತರ: ಸಿನಿಮಾನೇ ಸಪ್ಪೆ, ಬಿಡಿ. ನಿಮಗೇನೂ ಆಗಿಲ್ಲ.

2004ರ ಮೊದಲನೆಯದನ್ನು ನೆನಪಿಸಿಕೊಳ್ಳಿ. ಕೊಳಕು ಬಚ್ಚಲುಮನೆ, ಕಾಲಿಗೆ ಸರಪಳಿ ಬಿಗಿದ ಇಬ್ಬರು, ನಡುವೆ ಒಂದು ಹೆಣ. ನಿರ್ದೇಶಕ ಜೇಮ್ಸ್ ವಾನ್ ಬಳಿ ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ. 18 ದಿನದಲ್ಲಿ ಶೂಟಿಂಗ್ ಮುಗಿಸಿದರು. ಆ ಇಬ್ಬರಲ್ಲೊಬ್ಬನಾದ ಡಾಕ್ಟರ್ ಗಾರ್ಡನ್ ತನ್ನ ಪಾದವನ್ನೇ ಕೊಯ್ದುಕೊಳ್ಳುವಾಗ ನಮಗೆ ಕಾಣುವುದು ಹೆಚ್ಚಾಗಿ ಅವನ ಬಿಳಿಚಿದ ಮುಖ, ಕೇಳುವುದು ಚೀರಾಟ. ಮಿಕ್ಕಿದ್ದನ್ನು ನಾವೇ ಊಹಿಸಿಕೊಂಡು ಬೆವರುತ್ತೇವೆ. ನಾನಂತೂ ಆಗ ಕಾಲು ಮಡಚಿ ಕುರ್ಚಿ ಮೇಲೆ ಇಟ್ಟುಕೊಂಡಿದ್ದೆ!

ಏಳನೆಯದು ತ್ರೀಡಿ. ಊಹಿಸುವುದಕ್ಕೆ ಏನನ್ನೂ ಬಿಟ್ಟಿಲ್ಲ, ಎಲ್ಲವನ್ನೂ ಮುಖಕ್ಕೇ ಎಸೆಯುತ್ತಾರೆ. ಅದರ ರಕ್ತ ನೋಡಿದಿರಾ? ಗುಲಾಬಿ ಬಣ್ಣ! ಗೋಡೆಗೆ ಬಳಿಯುವ ಪೇಂಟ್ ಚೆಲ್ಲಿದ ಹಾಗೆ. ಅದಕ್ಕೆ ಯಾರು ಹೆದರುತ್ತಾರೆ?

ಇನ್ನೊಂದು ಎಡವಟ್ಟು, ಸರಣಿಯ ಕೊಲೆಗಾರ ಜಿಗ್‌ಸಾ ಮೂರನೇ ಭಾಗದಲ್ಲೇ ಸತ್ತುಹೋಗಿದ್ದ. ಆಮೇಲೆ ಫ್ಲ್ಯಾಶ್‌ಬ್ಯಾಕ್‌ನಲ್ಲೇ ಅವನನ್ನು ಎಳೆದಾಡಿದರು. ಅವನ ಶಿಷ್ಯ ಹಾಫ್‌ಮನ್‌ಗೆ ಸುಮ್ನೆ ಕೊಲ್ಲುವ ಆತುರ. ಗಾರ್ಡನ್ ವಾಪಸ್ ಬಂದಿದ್ದಕ್ಕೆ ಖುಷಿಪಟ್ಟೆ. ಆದರೆ ಅವನಿಗೆ ಕೊಟ್ಟಿದ್ದು ನಾಲ್ಕೇ ನಿಮಿಷ ಅನ್ನಿಸಿತು.

ಸರಣಿ ಬಿಡುವ ಮುಂಚೆ 2023ರ ಹತ್ತನೆಯದನ್ನು ನೋಡಿ. ಕಥೆ ಮೊದಲ ಎರಡು ಭಾಗಗಳ ನಡುವೆ ನಡೆಯುವುದರಿಂದ ಜಿಗ್‌ಸಾ ಬದುಕಿದ್ದಾನೆ. ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಅವನಿಗೇ ಟೋಪಿ ಹಾಕುತ್ತಾರೆ. ಜಿಗ್‌ಸಾ ಪಾತ್ರ ಮಾಡಿರುವ ಟೋಬಿನ್ ಬೆಲ್ ಮುಖ ನೋಡುತ್ತಾ ಕೂತರೆ ಕೊಲೆಗಾರನ ಮೇಲೇ ಕನಿಕರ ಹುಟ್ಟುತ್ತದೆ.