ಹೊಸ ಮೆಟಲ್ ಆಲ್ಬಮ್ ಬಂದ ದಿನಾನೇ ರಿವ್ಯೂ ಬರೀಬೇಕು ಅಂದ್ರೆ ಎಷ್ಟು ಸಲ ಕೇಳಿ 10ಕ್ಕೆ ಮಾರ್ಕ್ಸ್ ಕೊಡಬೇಕು?

"ಬಂದ ದಿನಾನೇ" ಅಂತ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಒಳಗೆ ಒಂಥರಾ ಆಯ್ತು. ಯಾಕಂದ್ರೆ ನಾನೂ ಅದೇ ಗಿರಾಕಿ. ಬೇರೆಯವ್ರು ಬರೆಯೋಕೆ ಮುಂಚೆ ನಾನು ಬರೀಬೇಕು, ನಂದೇ ಮೊದಲು ಓದಬೇಕು, ಓದಿ "ಏನ್ ಕಿವಿ ಗುರು ನಿಂದು" ಅನ್ಬೇಕು. ನೀವು ಎರಡು ಸಲ ಸಾಕಾ ಮೂರು ಸಲ ಬೇಕಾ ಅಂತ ಕೇಳ್ತಿದೀರ. ನಾನು ಒಂದೇ ಸಲ ಕೇಳಿ ಬರೆದೋನು, ಅದೂ ಯಾವ ರೀತಿ ಕೇಳಿದ್ದೆ ಅಂತ ಹೇಳ್ತೀನಿ ಇರಿ, ಹದಿನಾಲ್ಕು ವರ್ಷ ಆದ್ರೂ ಫ್ರೆಂಡ್ಸ್ ಸಿಕ್ಕಾಗ ಇನ್ನೂ ಅದನ್ನೇ ಎತ್ತಾಡ್ತಾರೆ.

2011. ದಾವಣಗೆರೆಯಿಂದ ಬಂದು ಎಲೆಕ್ಟ್ರಾನಿಕ್ ಸಿಟಿಲಿ ಮೊದಲನೇ ಕೆಲಸ. 2007ರ ಮಾರ್ಚಲ್ಲಿ ಪ್ಯಾಲೇಸ್ ಗ್ರೌಂಡ್ಸಲ್ಲಿ ಐರನ್ ಮೇಡನ್ ಅನ್ನೋ ಮೆಟಲ್ ಬ್ಯಾಂಡ್ (ಗಿಟಾರು, ಡ್ರಮ್ಸು ಜೋರಾಗಿರೋ ರಾಕ್) ನೋಡಿದ ಮೇಲೆ ನನಗೆ ತಲೆ ಕೆಟ್ಟಿತ್ತು, ಕಾಲೇಜಲ್ಲಿ ಓದಿದ್ದಕ್ಕಿಂತ ಆಲ್ಬಮ್ ಕೇಳಿದ್ದೇ ಜಾಸ್ತಿ. ಆಗ ಬೆಂಗಳೂರಲ್ಲಿ ಒಬ್ಬರು ಮೆಟಲ್ ಬಗ್ಗೆ ಒಂದು ಸಣ್ಣ ವೆಬ್‌ಸೈಟ್ ನಡೆಸ್ತಿದ್ರು (ಹೆಸರು ಬೇಡ, ಈಗ ಅದು ಇಲ್ಲ), ನನ್ನ ಬರಹ ಎಲ್ಲೋ ನೋಡಿ ಕರೆದು, ಹೊಸ ಆಲ್ಬಮ್ ಬಂದಾಗೆಲ್ಲ ನೀನೇ ಬರಿ ಅಂದ್ರು. ದುಡ್ಡಿಲ್ಲ ಕಾಸಿಲ್ಲ, ಆದ್ರೆ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬ್ಯಾಂಡು ಮೊದಲನೇ ಸಲ ಬೆಂಗಳೂರಿಗೆ ಬರ್ತಿತ್ತಲ್ಲ, ಅದರ ವರದಿ ನೀನೇ ಮಾಡು, ಪಾಸ್ ನಾನು ಹೊಂದಿಸ್ತೀನಿ ಅಂದಿದ್ರು. ನಾನು ಇಡೀ ಪಿಜಿಗೆ ಸಾರಿದ್ದೆ. ಊರಲ್ಲಿ ಅಮ್ಮನಿಗೂ ಹೇಳಿದ್ದೆ, ಅವರು "ಆಯ್ತಪ್ಪ, ಕಿವಿಗೆ ಹತ್ತಿ ಇಟ್ಕೊಂಡು ಹೋಗು" ಅಂದಿದ್ರು.

ಅದಕ್ಕೆ ಮುಂಚೆ ಸೆಪ್ಟೆಂಬರಲ್ಲಿ ಓಪೆತ್‌ನ ಹೆರಿಟೇಜ್ ಆಲ್ಬಮ್ ಬಂತು. ಓಪೆತ್ ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ: ಸ್ವೀಡನ್ ಬ್ಯಾಂಡು, ಹುಲಿ ಗುರುಗುಟ್ಟಿದ ಹಾಗಿರೋ ಗ್ರೌಲು, ಅದೇ ಹಾಡಲ್ಲಿ ಅದೇ ಮನುಷ್ಯ ಮಿಕೇಲ್ ಓಕರ್‌ಫೆಲ್ಟ್ ಲಾಲಿ ಹಾಡಿದ ಹಾಗೆ ಹಾಡೋದು. 2001ರ ಬ್ಲ್ಯಾಕ್‌ವಾಟರ್ ಪಾರ್ಕ್, 2008ರ ವಾಟರ್‌ಶೆಡ್ ಎಲ್ಲ ನನಗೆ ಬಾಯಿಪಾಠ. ಹೆರಿಟೇಜಲ್ಲಿ ಗ್ರೌಲೇ ಇಲ್ಲ ಅಂತ ಮೊದಲೇ ಸುದ್ದಿ ಇತ್ತು, ಎಪ್ಪತ್ತರ ದಶಕದ ಪ್ರೋಗ್ ರಾಕ್ (ಉದ್ದುದ್ದ, ತಿರುವು ಜಾಸ್ತಿ ಇರೋ ರಾಕ್) ಥರ ಮಾಡಿದಾರಂತೆ ಅಂತ. ಕೇಳೋ ಮುಂಚೇನೇ ನನಗೆ ಸಿಟ್ಟು ಬಂದಿತ್ತು, ಇದನ್ನ ನೆನಪಿಟ್ಕೊಳಿ.

ಸಿಡಿ ಅಂಗಡಿಗೆ ಬರೋ ತನಕ ಯಾರು ಕಾಯ್ತಾರೆ. ಟೊರೆಂಟಿಂದ ಇಳಿಸ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. ಮೆಮರಿ ಕಾರ್ಡಿಗೆ ಹಾಕಿ ಕೀಪ್ಯಾಡ್ ಫೋನಲ್ಲಿ, ಫುಟ್‌ಪಾತಲ್ಲಿ ತಗೊಂಡ ಇಯರ್‌ಫೋನಲ್ಲಿ (ಎಡಗಿವೀದು ಆಗಾಗ ಸಾಯ್ತಿತ್ತು), ಬೆಳಿಗ್ಗೆ 356 ಬಸ್ಸಲ್ಲಿ ನಿಂತ್ಕೊಂಡು ಕೇಳ್ದೆ. ಸಿಲ್ಕ್ ಬೋರ್ಡ್ ಹತ್ರ ಟ್ರಾಫಿಕ್ ಜಾಮು, ಕಂಡಕ್ಟರ್ ಸೀಟಿ, ಪಕ್ಕದಲ್ಲಿ ಒಬ್ರು ಫೋನಲ್ಲಿ ಸೈಟ್ ವ್ಯವಹಾರ ಮಾತಾಡ್ತಿದ್ರು. ಇಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ, ಎಲ್ಲರೂ ಹಿಂಗೇ ಕೇಳ್ತಿದ್ವಿ. ನಿಜವಾದ ಎಡವಟ್ಟು ಬೇರೆ. ನಾನು ಇಳಿಸಿದ ಫೈಲುಗಳ ಹೆಸರಲ್ಲಿ ಟ್ರ್ಯಾಕ್ ನಂಬರ್ ಇರ್ಲಿಲ್ಲ. ಬರೀ ಹಾಡಿನ ಹೆಸರು. ನಂಬರ್ ಇಲ್ಲದಿದ್ರೆ ಆ ಫೋನು ಏನ್ ಮಾಡುತ್ತೆ? ಇಂಗ್ಲಿಷ್ ಅಕ್ಷರದ ಪ್ರಕಾರ ಜೋಡಿಸುತ್ತೆ, ಸ್ಕೂಲಲ್ಲಿ ಹಾಜರಿ ಕರೆದಂಗೆ. ಎಫ್ ಮೊದಲು, ಎಚ್ ಆಮೇಲೆ, ಐ ಆಮೇಲೆ. ಇದು ನನ್ನ ತಲೆಗೇ ಹೋಗ್ಲಿಲ್ಲ. ಹತ್ತು ಹಾಡು ಇದೆ, ಮೊದಲನೇದು ಒತ್ತಿದೆ, ಒಂದಾದ ಮೇಲೊಂದು ಬಂತು, ಆಲ್ಬಮ್ ಕೇಳ್ದೆ ಅಂದ್ಕೊಂಡೆ.

ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ, ಇದು ನನಗೆ ಎಷ್ಟು ಹೇಳಿದ್ರೂ ಸಮಾಧಾನ ಇಲ್ಲ. ಹೆರಿಟೇಜ್ ಶುರು ಆಗೋದು ಅದೇ ಹೆಸರಿನ ಎರಡು ನಿಮಿಷದ ಪಿಯಾನೋ ತುಣುಕಿಂದ. ಮೆತ್ತಗೆ ಕೂರಿಸುತ್ತೆ. ಅದು ಮುಗಿದ ತಕ್ಷಣ ದ ಡೆವಿಲ್ಸ್ ಆರ್ಚರ್ಡ್ ಬಾಗಿಲು ಒದ್ದುಕೊಂಡು ಬರುತ್ತೆ. ಕೊನೇಲಿ ಫೋಕ್‌ಲೋರ್ ಏರಿ ಏರಿ ಮೇಲೆ ಹೋಗಿ ಮುಗಿಯುತ್ತೆ, ಆಮೇಲೆ ಮ್ಯಾರೋ ಆಫ್ ದಿ ಅರ್ಥ್ ಅಂತ ಮಾತಿಲ್ಲದ ಗಿಟಾರ್ ತುಣುಕು, ದೀಪ ಸಣ್ಣ ಮಾಡಿದಂಗೆ. ಈಗ ನನ್ನ ಫೋನಿನ ಪಟ್ಟಿ ನೋಡಿ. ಮೊದಲನೇದು ಫ್ಯಾಮಿನ್, ಎಂಟು ನಿಮಿಷ ಮೀರಿದ ಹಾಡು, ಶುರುವಲ್ಲಿ ತಾಳವಾದ್ಯ, ಕೊಳಲು, ಬಸ್ಸಲ್ಲಿ ಅರ್ಧ ಕೇಳ್ಸೋದೇ ಇಲ್ಲ. ಎರಡನೇದಕ್ಕೇ ಫೋಕ್‌ಲೋರ್, ಅಂದ್ರೆ ಕೊನೆಗೆ ಬರಬೇಕಾದ ಶಿಖರ ಎರಡನೇದು. ಮೂರನೇದಾಗಿ ಆ ಪಿಯಾನೋ ಪೀಠಿಕೆ. ಆರನೇದಕ್ಕೆ ದೀಪ ಸಣ್ಣ ಮಾಡೋ ಮ್ಯಾರೋ. ಅದಾದ ಮೇಲೆ ಇನ್ನೂ ನಾಲ್ಕು ಹಾಡು. ಬಾಗಿಲು ಒದೆಯೋ ಡೆವಿಲ್ಸ್ ಆರ್ಚರ್ಡ್ ಒಂಬತ್ತನೇದು. ಮದುವೆ ಊಟದಲ್ಲಿ ಕೂತ ತಕ್ಷಣ ಎಲೆಗೆ ಬಿಸಿಬೇಳೆಬಾತ್ ಸುರಿದು, ಆಮೇಲೆ ಹೋಳಿಗೆ, ಅದರ ಮೇಲೆ ಕೋಸಂಬರಿ, ಮಧ್ಯದಲ್ಲಿ ಮಜ್ಜಿಗೆ ಅನ್ನ ಉಣ್ಣಿಸಿ, ಕೈ ತೊಳೆಯೋಕೆ ಏಳೋ ಹೊತ್ತಿಗೆ ತುದಿ ಎಲೆಗೆ ಉಪ್ಪು ಬಡಿಸಿದ್ರೆ ಹೆಂಗಿರುತ್ತೆ? ಅಡುಗೆ ಭಟ್ಟರನ್ನ ಬೈದುಬಿಡ್ತೀವಿ ತಾನೇ. ನಾನೂ ಅದನ್ನೇ ಮಾಡ್ದೆ.

ಮಧ್ಯಾಹ್ನ ಊಟದ ಟೈಮಲ್ಲಿ ಆಫೀಸ್ ಕಂಪ್ಯೂಟರಲ್ಲಿ ಕೂತು ಬರ್ದೆ. 10ಕ್ಕೆ 3. ಬರೆದಿದ್ದೇನು ಅಂದ್ರೆ, ಆಲ್ಬಮ್‌ಗೆ ತುದಿ ಬುಡ ಇಲ್ಲ, ಎರಡು ದೊಡ್ಡ ಹಾಡು ಆದ್ಮೇಲೆ ಇದ್ದಕ್ಕಿದ್ದಂಗೆ ಪಿಯಾನೋ ಯಾಕೆ ತುರುಕಿದಾರೆ, ಅರ್ಧಕ್ಕೇ ಆಲ್ಬಮ್ ಮುಗಿದಂಗೆ ಆಗಿ ಮತ್ತೆ ಶುರುವಾಗುತ್ತೆ, ಇವರಿಗೆ ಹಾಡು ಜೋಡಿಸೋಕೂ ಮರೆತು ಹೋಗಿದೆ. ಕೊನೆಗೆ ಒಂದು ಸಾಲು, ಈಗಲೂ ನೆನೆಸ್ಕೊಂಡ್ರೆ ಮೈ ಪರಚ್ಕೋಬೇಕು ಅನ್ಸುತ್ತೆ: "ಗ್ರೌಲ್ ಜೊತೆ ಬುದ್ಧೀನೂ ಬಿಟ್ಟಿದ್ದಾರೆ." ಎರಡು ಗಂಟೆಗೆ ಅಪ್ಲೋಡ್ ಆಯ್ತು. ಬೆಂಗಳೂರಲ್ಲಿ ನಾನೇ ಮೊದಲು ಅಂತ ಖುಷಿಲಿ ಕೆಳಗೆ ಹೋಗಿ ಟೀ ಕುಡ್ದೆ.

ಟೀ ಮುಗಿಸಿ ಬರೋ ಹೊತ್ತಿಗೆ ಮೊದಲನೇ ಕಾಮೆಂಟು. "ಗುರು, ಪಿಯಾನೋ ಮೊದಲನೇ ಟ್ರ್ಯಾಕು. ನೀನು ಯಾವ ಆಲ್ಬಮ್ ಕೇಳ್ದೆ?" ನಾನು ಅಹಂಕಾರದಲ್ಲಿ, ಇಲ್ಲ ಮೂರನೇದು, ಸರಿಯಾಗಿ ನೋಡಿ ಅಂತ ಉತ್ತರ ಬೇರೆ ಕೊಟ್ಟೆ. ಸಂಜೆಗೆ ಒಬ್ಬ ಪುಣ್ಯಾತ್ಮ ನನ್ನ ರಿವ್ಯೂನಲ್ಲಿ ಯಾವ ಹಾಡು ಆದ್ಮೇಲೆ ಯಾವುದು ಅಂತ ನಾನು ಬರೆದಿದ್ದೆನಲ್ಲ, ಅದನ್ನೆಲ್ಲ ಸಾಲಾಗಿ ಬರೆದು, "ಅಕ್ಷರ ಕ್ರಮ" ಅಂತ ಎರಡೇ ಪದ ಹಾಕಿದ. ಅಷ್ಟೇ. ಹುಡುಗ ಕದ್ದು ಇಳಿಸಿದಾನೆ ಅನ್ನೋದೂ ಗೊತ್ತಾಯ್ತು, ಫೋನಲ್ಲಿ ಕೇಳಿದಾನೆ ಅನ್ನೋದೂ ಗೊತ್ತಾಯ್ತು, ಹಾಡಿನ ಪಟ್ಟಿ ಸಹ ನೋಡದೆ ಬರೆದಿದಾನೆ ಅನ್ನೋದೂ ಗೊತ್ತಾಯ್ತು. ಆ ವಾರದಿಂದ ನನ್ನ ಅಡ್ಡಹೆಸರು ಎ-ಬಿ-ಸಿ-ಡಿ.

ಸೈಟ್ ನಡೆಸ್ತಿದ್ದವರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿರೋದು. ರಿವ್ಯೂ ತೆಗೆದು ಹಾಕಿ, ಫೋನ್ ಮಾಡಿ, "ಸ್ವಲ್ಪ ದಿನ ಬರೀಬೇಡಪ್ಪ, ಆರಾಮಾಗಿ ಕೇಳು" ಅಂದ್ರು. ಪಾಸ್ ಬೇರೆ ಹುಡುಗನಿಗೆ ಹೋಯ್ತು. ಪಾಸ್ ಬರುತ್ತೆ ಅಂತ ನಾನು ಟಿಕೆಟ್ ತಗೊಂಡಿರ್ಲಿಲ್ಲ, ತಿಂಗಳ ಕೊನೆ, ಜೇಬಲ್ಲಿ ದುಡ್ಡೂ ಇರ್ಲಿಲ್ಲ. ಅಕ್ಟೋಬರ್ 30ರ ಸಂಜೆ ಪ್ಯಾಲೇಸ್ ಗ್ರೌಂಡ್ಸಿನ ಮೇಖ್ರಿ ಸರ್ಕಲ್ ಕಡೆ ಕಾಂಪೌಂಡ್ ಹೊರಗೆ ನನ್ನಂಥವರ ಜೊತೆ ನಿಂತು ಕೇಳ್ದೆ. ಡ್ರಮ್ಸು, ಜನರ ಕೂಗು ಕೇಳ್ತಿತ್ತು, ಗಿಟಾರು ಗಾಳಿ ಬಂದಂಗೆ ಬಂದು ಹೋಗ್ತಿತ್ತು. ಅಮ್ಮ ಹೇಳಿದ ಹತ್ತಿ ಬೇಕಾಗ್ಲೇ ಇಲ್ಲ.

ಹೆರಿಟೇಜನ್ನ ಸರಿಯಾಗಿ ಕೇಳಿದ್ದು ಮುಂದಿನ ಸಂಕ್ರಾಂತಿಗೆ ಊರಿಗೆ ಹೋದಾಗ. ಕಾಲೇಜು ಸೀನಿಯರ್ ಒಬ್ರು ಸಿಡಿ ತರಿಸಿದ್ರು. ಎಳ್ಳು ಬೆಲ್ಲ ಕೈಗೆ ಕೊಟ್ಟು, ಸಿಡಿ ಹಾಕಿ, "ಮುಗಿಯೋ ತನಕ ಬಾಯಿ ಬಿಡಬೇಡ" ಅಂದ್ರು. ಹೊದಿಕೆ ನೋಡ್ತಾ ಕೂತೆ, ಮರದಲ್ಲಿ ಹಣ್ಣಿನ ಬದಲು ಬ್ಯಾಂಡಿನವರ ಮುಖಗಳು, ಒಂದು ತಲೆ ಮಾತ್ರ ಕೆಳಗೆ ಬೀಳ್ತಿದೆ. ಅದು ಕೀಬೋರ್ಡ್ ನುಡಿಸ್ತಿದ್ದ ಪೆರ್ ವಿಬೆರ್ಗ್, ಈ ಆಲ್ಬಮ್ ಆದ್ಮೇಲೆ ಬ್ಯಾಂಡ್ ಬಿಟ್ಟವರು. ಸ್ಲಿದರ್ ಅನ್ನೋ ಹಾಡು 2010ರಲ್ಲಿ ತೀರಿಕೊಂಡಿದ್ದ, ಹಿಂದೆ ರೇನ್‌ಬೋ ಬ್ಯಾಂಡಲ್ಲಿ ಹಾಡ್ತಿದ್ದ ರಾನಿ ಜೇಮ್ಸ್ ಡಿಯೋಗೆ ನಮಸ್ಕಾರ ಅಂತ ಆಗಲೇ ತಿಳಿದಿದ್ದು, ನಾನು ಅದನ್ನ "ಹಳೇ ರೇನ್‌ಬೋ ಕಾಪಿ" ಅಂತ ಉಗಿದಿದ್ದೆ. ಫೋಕ್‌ಲೋರಿನ ಕೊನೇ ಎರಡು ನಿಮಿಷ ಬಂದಾಗ ನನಗೆ ಏನೂ ಮಾತಾಡೋಕೆ ಆಗ್ಲಿಲ್ಲ. ಹಂಗಂತ ಇದು ಮಹಾನ್ ಆಲ್ಬಮ್ ಅಂತ ನಾನು ಹೇಳಲ್ಲ. ನೆಪೆಂತಿ ಇವತ್ತಿಗೂ ಬೋರು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುಮ್ನೆ ಅಲೆದಾಡುತ್ತೆ. ವಾಟರ್‌ಶೆಡ್ ಮುಂದೆ ನಿಲ್ಲಲ್ಲ. ಆದ್ರೆ 3 ಕೊಡೋ ಆಲ್ಬಮ್ ಅಲ್ವೇ ಅಲ್ಲ, ನಾನು ಮಾರ್ಕ್ಸ್ ಕೊಟ್ಟಿದ್ದು ನನ್ನ ಫೋನಿಗೆ ಮತ್ತೆ ನನ್ನ ಸಿಟ್ಟಿಗೆ.

ಈಗ ನಿಮ್ಮ ಪ್ರಶ್ನೆ. ಎಷ್ಟು ಸಲ ಅಂತ ನಂಬರ್ ಕೇಳಿದೀರ, ನಾನು ಕೊಡಲ್ಲ. ಬಂದ ದಿನಾನೇ ಬರೀಬೇಕು ಅಂತ ನಿಮಗೆ ಯಾರು ಹೇಳಿದ್ದು? ಸಂಬಳ ಕೊಡ್ತಾರಾ? ಇಲ್ಲ ತಾನೇ. ನಿಮ್ಮ ರಿವ್ಯೂ ಓದಿ ಆಲ್ಬಮ್ ತಗೊಳ್ಳೋ ಕಾಲವೂ ಹೋಯ್ತು, ಹನ್ನೆರಡು ಗಂಟೆ ರಾತ್ರಿಗೆ ಎಲ್ಲರ ಫೋನಲ್ಲೂ ಒಟ್ಟಿಗೇ ಬರುತ್ತೆ, ಕೇಳೋರು ಕೇಳ್ಕೋತಾರೆ. ಅವಸರದಲ್ಲಿ ಉಗಿಯೋದು ದೊಡ್ಡವರಿಗೂ ತಪ್ಪಿಲ್ಲ. 1970ರಲ್ಲಿ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಮನ್ನ ರೋಲಿಂಗ್ ಸ್ಟೋನ್ ಪತ್ರಿಕೆಲಿ ಲೆಸ್ಟರ್ ಬ್ಯಾಂಗ್ಸ್ ಅಂಥ ದೊಡ್ಡ ವಿಮರ್ಶಕರೇ ಹಿಗ್ಗಾಮುಗ್ಗಾ ಉಗಿದಿದ್ರು, ಈಗ ಮೆಟಲ್ ಅನ್ನೋದು ಅಲ್ಲಿಂದಲೇ ಶುರು ಅಂತೀವಿ.

ನಾನು ಈಗ ಮಾಡೋದು ಹೇಳ್ತೀನಿ, ಬೇಕಾದ್ರೆ ತಗೊಳಿ. ಶಫಲ್ ಆಫ್ ಮಾಡೋದು, ಹಾಡಿನ ಪಟ್ಟಿ ಒಂದ್ಸಲ ಕಣ್ಣಾಡಿಸೋದು (ನಗಬೇಡಿ). ಮೊದಲನೇ ಸಲ ಕೂತು ಪೂರ್ತಿ, ಮೊಬೈಲ್ ಬೇರೆ ರೂಮಲ್ಲಿ. ಆಮೇಲೆ ಎರಡು ಮೂರು ದಿನ ಮುಟ್ಟಲ್ಲ. ಪಾತ್ರೆ ತೊಳೀವಾಗಲೋ ಗಾಡಿ ಓಡಿಸುವಾಗಲೋ ಯಾವ ರಿಫ್ (ಗಿಟಾರಲ್ಲಿ ಮತ್ತೆ ಮತ್ತೆ ಬರೋ ತುಣುಕು) ತಾನಾಗೇ ಬಾಯಿಗೆ ಬರುತ್ತೆ ನೋಡ್ತೀನಿ, ಬಂದಿದ್ದು ಉಳಿಯುತ್ತೆ. ಕೇಳ್ತಾ ತಲೆನೋವು ಬಂದ್ರೆ ಹಾಡನ್ನ ಬೈಯೋ ಮುಂಚೆ ವಾಲ್ಯೂಮ್ ಇಳಿಸಿ ನೋಡಿ, 2008ರ ಮೆಟಾಲಿಕಾ ಆಲ್ಬಮ್ ಡೆತ್ ಮ್ಯಾಗ್ನೆಟಿಕ್ ಗೊತ್ತಲ್ಲ, ಸದ್ದು ಅಷ್ಟು ಹಿಂಡಿ ಹಿಂಡಿ ಮಾಡಿದ್ರು ಅಂದ್ರೆ ಗಿಟಾರ್ ಹೀರೋ ಅನ್ನೋ ವಿಡಿಯೋ ಗೇಮಲ್ಲಿ ಬಂದ ಅದೇ ಹಾಡುಗಳು ಸಿಡಿಗಿಂತ ಚೆನ್ನಾಗಿ ಕೇಳ್ಸುತ್ತೆ ಅಂತ ಜನ ಜಗಳ ಆಡಿದ್ರು. ಹಾಡು ಕೆಟ್ಟದಾ, ಮಾಸ್ಟರಿಂಗ್ (ಕೊನೇಲಿ ಸದ್ದು ಹದ ಮಾಡೋ ಕೆಲಸ) ಕೆಟ್ಟದಾ ಅಂತ ಬಿಡಿಸಿ ಹೇಳೋಕೆ ಬರದಿದ್ರೆ ಸುಮ್ನಿರೋದು ವಾಸಿ. ಉದ್ದದ ಹಾಡಿಗೆ ಹೆದರಬೇಡಿ. 2021ರಲ್ಲಿ ಐರನ್ ಮೇಡನ್‌ದು ಸೆಂಜುತ್ಸು ಬಂದಾಗ ಕೊನೇ ಮೂರು ಹಾಡೂ ಹತ್ತು ನಿಮಿಷ ದಾಟಿದವು, ಮೂರೂ ಅವರ ಬಾಸ್ ಗಿಟಾರಿನ ಸ್ಟೀವ್ ಹ್ಯಾರಿಸ್ ಒಬ್ಬರೇ ಬರೆದಿದ್ದು, ಮೊದಲನೇ ವಾರ ನನಗೆ ಆಕಳಿಕೆ, ಒಂದು ತಿಂಗಳು ಬಿಟ್ಟು ಆ ಮೂರೇ ಕೇಳ್ತಿದ್ದೆ. 10ಕ್ಕೆ ಇಷ್ಟು ಅನ್ನೋದಂತೂ ಬಿಟ್ಟೇಬಿಡಿ, ಇದೇನು ಎಸ್ಸೆಸ್ಸೆಲ್ಸಿ ಪೇಪರಾ. ಬೇಕೇಬೇಕು ಅಂದ್ರೆ ಒಂದು ವರ್ಷ ಆದ್ಮೇಲೆ ಕೊಡಿ.

ಹಾಂ, ಒಂದು ಮರೆತೆ. 2024ರ ನವೆಂಬರಲ್ಲಿ ಓಪೆತ್‌ದು ದ ಲಾಸ್ಟ್ ವಿಲ್ ಆಂಡ್ ಟೆಸ್ಟಮೆಂಟ್ ಬಂತು, ವಾಟರ್‌ಶೆಡ್ ಆದ್ಮೇಲೆ ಮೊದಲನೇ ಸಲ ಗ್ರೌಲ್ ವಾಪಸ್. ಅವತ್ತು ರಾತ್ರಿ ಆ ಹಳೇ ಗ್ಯಾಂಗು ಒಬ್ಬೊಬ್ಬರೇ ಮೆಸೇಜು, "ಏನಪ್ಪ ಎ-ಬಿ-ಸಿ-ಡಿ, ಎಷ್ಟು ಮಾರ್ಕ್ಸು?" ನಾನು ಉತ್ತರ ಕೊಡ್ಲಿಲ್ಲ, ಹಾಡಿನ ಪಟ್ಟಿ ನೋಡ್ತಾ ಒಬ್ಬನೇ ನಗ್ತಿದ್ದೆ. ಸತ್ತ ಯಜಮಾನನ ಉಯಿಲು ಓದೋ ಕಥೆ ಅದು, ಅದಕ್ಕೆ ಹಾಡುಗಳಿಗೆ ಹೆಸರೇ ಇಟ್ಟಿಲ್ಲ, ಕಾಗದ ಪತ್ರದಲ್ಲಿ ಹಾಕ್ತಾರಲ್ಲ ಪ್ಯಾರಾ ಗುರುತು, ಅದರ ಪಕ್ಕ ಒಂದರಿಂದ ಏಳರ ತನಕ ನಂಬರು, ಕೊನೇ ಒಂದಕ್ಕೆ ಮಾತ್ರ ಹೆಸರು. ನನ್ನ ಆ ದರಿದ್ರ ಫೋನಲ್ಲಿ ಹಾಕಿದ್ರೂ ಸರಿಯಾಗೇ ಬರ್ತಿತ್ತು.