ಮರದ ಬುಡದಲ್ಲಿ ಬಿದ್ದ ಎಂಜಲು ಯಾರದು?

ಪ್ರಶ್ನೆ: ಮಗಳ ಮನೆಗೆಂದು ಆಸ್ಟ್ರೇಲಿಯಾಕ್ಕೆ ಬಂದಿದ್ದೇವೆ. ಮೇ ತಿಂಗಳಲ್ಲಿ ನ್ಯೂ ಸೌತ್ ವೇಲ್ಸ್‌ನ ಕರಾವಳಿ ಕಾಡಿಗೆ ವಾಕಿಂಗ್ ಹೋದಾಗ, ನಮ್ಮೂರ ಗಾಳಿ ಮರದಂಥ ಮರದ ಬುಡದಲ್ಲಿ ಚೂರುಚೂರಾದ ಕಾಯಿಗಳು ರಾಶಿ ಬಿದ್ದಿದ್ದವು. ಅಕ್ಕಪಕ್ಕದ ಮರಗಳ ಕೆಳಗೆ ಏನೂ ಇರಲಿಲ್ಲ. ಸ್ವಲ್ಪ ದೂರದ ನೀಲಗಿರಿ ಜಾತಿಯ ಮರದ ಕಾಂಡದಲ್ಲಿ ‘ವಿ’ ಆಕಾರದ ಗಾಯಗಳಿದ್ದವು. ಇವು ಯಾರ ಕೆಲಸ? ಯಾವಾಗ ಹೋದರೆ ನೋಡಲು ಸಿಗುತ್ತವೆ?

ಉತ್ತರ: ಕಾಯಿ ತಿಂದದ್ದು ಬಹುಮಟ್ಟಿಗೆ ಗ್ಲಾಸಿ ಬ್ಲ್ಯಾಕ್ ಕಾಕಟೂ ಎಂಬ ಗಿಳಿ ಜಾತಿಯ ಹಕ್ಕಿ. ಕಂದುಗಪ್ಪು ಮೈ, ಬಾಲದಲ್ಲಿ ಕೆಂಪು ಪಟ್ಟಿ ಇರುವ ಈ ಹಕ್ಕಿಗೆ ಶೀ-ಓಕ್ ಮರದ ಬೀಜವೇ ಹೆಚ್ಚುಕಡಿಮೆ ಪೂರ್ತಿ ಊಟ. ನೀವು ಗುರುತಿಸಿದ್ದು ಸರಿ, ಶೀ-ಓಕ್ ನಮ್ಮ ಕಾರವಾರದ ಕಡಲತೀರದ ಗಾಳಿ ಮರದ ಹತ್ತಿರದ ನಂಟ. ಹಕ್ಕಿ ಕಾಯನ್ನು ಸಾಮಾನ್ಯವಾಗಿ ಎಡಗಾಲಲ್ಲಿ ಹಿಡಿದು ತಿರುಗಿಸುತ್ತ, ಕೊಕ್ಕಿನಿಂದ ಸಿಗಿದು ಪುಟ್ಟ ಬೀಜಗಳನ್ನು ಹೆಕ್ಕುತ್ತದೆ. ಕೆಳಗೆ ಬೀಳುವುದು ತಿಂದು ಬಿಸಾಡಿದ ಮುಸುಕಿನ ಜೋಳದ ದಿಂಡಿನಂಥ ಎಂಜಲು.

ಒಂದೇ ಮರದ ಕೆಳಗೆ ರಾಶಿ ಇದ್ದುದನ್ನು ನೀವು ಗಮನಿಸಿದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಪೊಳ್ಳು ಕಾಯಿ ಸಿಗಿದರೆ ಶ್ರಮ ದಂಡ. ಹಾಗಾಗಿ ಕಾಯಲ್ಲಿ ಬೀಜ ತುಂಬಿದ ಮರವನ್ನೇ ಇವು ಆರಿಸಿಕೊಳ್ಳುತ್ತವೆ, ವರ್ಷ ಕಳೆದರೂ ಅದೇ ಮರಕ್ಕೆ ಮರಳುತ್ತವೆ. ಮುಂದಿನ ಸಲ ಎಂಜಲನ್ನು ಕೈಗೆತ್ತಿಕೊಂಡು ನೋಡಿ. ಸಿಗಿದ ಭಾಗ ತಿಳಿ ಬಣ್ಣದ್ದಾಗಿ ಹಸಿಯಾಗಿದ್ದರೆ ಹಕ್ಕಿ ಹತ್ತಿರದಲ್ಲೇ ಇರಬಹುದು. ಕಂದಾಗಿದ್ದರೆ ಕೆಲವು ದಿನ ಹಳತು, ಬೂದಾಗಿದ್ದರೆ ಇನ್ನೂ ಹಳತು. ಹಸಿ ಎಂಜಲು ಕಂಡರೆ ಮಾತು ನಿಲ್ಲಿಸಿ ಕಿವಿಗೊಡಿ. ಈ ಕಾಕಟೂ ತಿನ್ನುವಾಗ ಗಲಾಟೆ ಮಾಡದು, ಕೊಕ್ಕಿನ ‘ಕಟಕಟ’ ಮಾತ್ರ ಕೇಳಿಸುತ್ತದೆ.

ಅಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಇವುಗಳ ಗೂಡಿನ ಕಾಲ. ಹಳೆಯ ಮರದ ಪೊಟರೆಯಲ್ಲಿ ಒಂದೇ ಮೊಟ್ಟೆ. ಹೆಣ್ಣು ಕಾವು ಕೂರುತ್ತದೆ, ಗಂಡು ಊಟ ತಂದು ಉಣಿಸುತ್ತದೆ. 2019-20ರ ಕಾಳ್ಗಿಚ್ಚಿನಲ್ಲಿ ಊಟದ ಮರಗಳೂ ಪೊಟರೆಯ ಮರಗಳೂ ಅಪಾರವಾಗಿ ಸುಟ್ಟವು. ಹೊಸ ಸಸಿ ಮೊಳೆತು ಕಾಯಿ ಬಿಡಲು ವರ್ಷಗಳೇ ಬೇಕು. ಪೊಟರೆಗೆ ಅದಕ್ಕಿಂತಲೂ ಎಷ್ಟೋ ಹೆಚ್ಚು ಕಾಲ. ಆಗ್ನೇಯ ಭಾಗದ ಈ ಹಕ್ಕಿಗಳು 2022ರಲ್ಲಿ ಅಪಾಯದಂಚಿನ ಪಟ್ಟಿ ಸೇರಿದವು. ಆದ್ದರಿಂದ ಪೊಟರೆ ಹುಡುಕಿಕೊಂಡು ಹೋಗಬೇಡಿ. ಸೂರ್ಯ ಇಳಿಯುವ ಹೊತ್ತಿಗೆ ನೀರಿನ ಗುಂಡಿಯಿಂದ ದೂರ ಕುಳಿತು ಕಾಯಿರಿ. ರಾತ್ರಿ ತಂಗುವ ಮೊದಲು ಅಲ್ಲಿ ನೀರು ಕುಡಿಯಲು ಬರುತ್ತವೆ.

‘ವಿ’ ಗಾಯಗಳು ಹಳದಿ ಹೊಟ್ಟೆಯ ಗ್ಲೈಡರ್ ಎಂಬ, ಮರದಿಂದ ಮರಕ್ಕೆ ತೇಲಿ ಹೋಗುವ ನಿಶಾಚರಿ ಪ್ರಾಣಿಯವು. ನೋಡಲು ಮಲೆನಾಡಿನ ಹಾರುಬೆಕ್ಕಿನಂತಿದ್ದರೂ ಇದು ಮರಿಯನ್ನು ಹೊಟ್ಟೆಚೀಲದಲ್ಲಿ ಬೆಳೆಸುವ ಬೇರೆಯೇ ವಂಶದ್ದು. ತೊಗಟೆ ಕಚ್ಚಿ, ಒಸರುವ ರಸ ನೆಕ್ಕುತ್ತದೆ. ಗಾಯ ಒಣಗಿದೆಯೋ, ರಸ ಇನ್ನೂ ಒಸರುತ್ತಿದೆಯೋ ನೋಡಿ. ಒಸರುತ್ತಿದ್ದರೆ ಕತ್ತಲಾದ ಮೇಲೆ ಹೋಗಿ. ಟಾರ್ಚ್‌ಗೆ ಕೆಂಪು ಹಾಳೆ ಸುತ್ತಿಕೊಳ್ಳಿ, ಕಣ್ಣಿಗೆ ನೇರ ಬೆಳಕು ಹಿಡಿಯಬೇಡಿ.

ಅಕಸ್ಮಾತ್ ಕಾಕಟೂ ಪೊಟರೆ ಕಣ್ಣಿಗೆ ಬಿದ್ದರೆ ಜಾಗವನ್ನು ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಹಂಚಬೇಡಿ. ದಿನಾಂಕ ಬರೆದಿಟ್ಟುಕೊಂಡು ಅಲ್ಲಿನ ಪಾರ್ಕ್ ರೇಂಜರ್‌ಗೆ ತಿಳಿಸಿ.