ಎಫ್‌ಎಂಆರ್‌ಐ ಇರುವಾಗ ಇಇಜಿ ಯಾಕೆ?

ಕಾಂತಕ್ಷೇತ್ರ ಬಳಸುವ ಎಫ್‌ಎಂಆರ್‌ಐ ಸ್ಕ್ಯಾನ್‌ನಲ್ಲೇ ಮಿದುಳಿನ ಚಟುವಟಿಕೆ ಕಾಣುತ್ತದಲ್ಲ, ಸ್ಕ್ಯಾನರ್ ಒಳಗೆ ಇಇಜಿ ಟೋಪಿ (ತಲೆಯ ಮೇಲಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ತಂತಿಗಳ ಟೋಪಿ) ಬೇರೆ ಯಾಕೆ ಹಾಕುತ್ತಾರೆ ಅಂತ ಕೇಳಿದ್ದೀರಿ. ಎಫ್‌ಎಂಆರ್‌ಐ ನರಕೋಶಗಳನ್ನು ನೇರವಾಗಿ ನೋಡುವುದಿಲ್ಲ. ರಕ್ತದಲ್ಲಿನ ಆಮ್ಲಜನಕದ ಏರುಪೇರನ್ನು ಹಿಡಿಯುತ್ತದೆ, ಅಷ್ಟೇ. ಕ್ಷಣಮಾತ್ರದ ಚಟುವಟಿಕೆಗೂ ಆ ಸಂಕೇತ ತುದಿ ಮುಟ್ಟಲು ಸುಮಾರು 5-6 ಸೆಕೆಂಡ್ ಬೇಕು. ಜಾಗ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಸಮಯ ಮಾತ್ರ ಮಸುಕು. ಇಇಜಿ ಇದರ ಉಲ್ಟಾ. ಮಿಲಿಸೆಕೆಂಡ್ ಬದಲಾವಣೆಯೂ ಕಾಣುತ್ತದೆ, ಎಲ್ಲಿಂದ ಬಂತು ಅನ್ನುವುದರಲ್ಲಿ ಊಹೆಯೇ ಜಾಸ್ತಿ.

ಎರಡನ್ನೂ ಬೇರೆ ಬೇರೆ ದಿನ ಮಾಡಿದರೆ ಸಾಲದಾ ಅಂದಿರಿ. ಚಿತ್ರ ನೋಡಿ ಬಟನ್ ಒತ್ತುವಂಥ ಪ್ರಯೋಗಕ್ಕೆ ಎಷ್ಟೋ ಸಲ ಸಾಕು. ಮೂರ್ಛೆ ರೋಗಕ್ಕೆ ಸಾಲದು. ಎರಡು ಫಿಟ್ಸ್‌ಗಳ ನಡುವೆ ಇಇಜಿಯಲ್ಲಿ ಚೂಪಾದ ಅಲೆಗಳು ಏಳುತ್ತವೆ. ಸಾಮಾನ್ಯವಾಗಿ ರೋಗಿಗೆ ಗೊತ್ತೇ ಆಗುವುದಿಲ್ಲ, ಹೇಳಿ ಕೇಳಿ ಬರುವುದೂ ಇಲ್ಲ. ಆ ಗಳಿಗೆಯನ್ನು ಇಇಜಿ ಗುರುತಿಸಿದರೆ ತಾನೇ, ಆಗ ರಕ್ತದ ಹರಿವು ಎಲ್ಲಿ ಬದಲಾಯಿತು ಅಂತ ಹುಡುಕಲು ಆಗುವುದು? 1990ರ ದಶಕದಲ್ಲಿ ಈ ಜೋಡಿಗೆ ಒತ್ತು ಸಿಕ್ಕಿದ್ದೇ ಇದರಿಂದ. ನಿದ್ದೆಯ ಹಂತಗಳನ್ನು ಓದುವುದಕ್ಕೂ ಇದೇ ದಾರಿ.

ಕಷ್ಟವೂ ಇದೆ. ಸ್ಕ್ಯಾನರ್‌ನ ಕಾಂತಕ್ಷೇತ್ರ ಬದಲಾಗುವಾಗ ತಂತಿಗಳಲ್ಲಿ ಹುಟ್ಟುವ ವೋಲ್ಟೇಜ್ ಮುಂದೆ ಇಇಜಿ ಎಲ್ಲೋ ಮುಳುಗಿಹೋಗುತ್ತದೆ. ಅದು ಒಂದೇ ರೀತಿ ಮರುಕಳಿಸುವುದರಿಂದ ಸರಾಸರಿ ತೆಗೆದು ಕಳೆಯುತ್ತಾರೆ. ನಿಜವಾದ ತಲೆನೋವು ಹೃದಯದ ಬಡಿತ. ಪ್ರತಿ ಬಡಿತಕ್ಕೂ ತಲೆ ಸ್ವಲ್ಪವೇ ಅಲುಗುತ್ತದೆ, ಅದರಿಂದಲೂ ತಂತಿಗಳಲ್ಲಿ ವೋಲ್ಟೇಜ್ ಹುಟ್ಟುತ್ತದೆ, ಪ್ರತಿ ಸಲ ಅದರ ಆಕಾರ ಬೇರೆ. ಜೊತೆಗೆ, ಸಾಮಾನ್ಯ ಇಇಜಿ ಟೋಪಿ ಒಳಗೆ ಹಾಕುವಂತಿಲ್ಲ, ತಂತಿ ಬಿಸಿಯಾಗಿ ಚರ್ಮ ಸುಟ್ಟೀತು. ಇದಕ್ಕೆಂದೇ ಮಾಡಿದ ಟೋಪಿ ಬೇಕು.